ಮನೆಗಾಡಿಯ ಗಾಳಿ

ತಂಗಿ ಮಹಾದೇವಿಗೆ ಪೀಣ್ಯದಿಂದ ಅಕ್ಕನ ಆಶೀರ್ವಾದ.

ಇಲ್ಲಿ ಹಾಸಿಗೆ, ಒಲೆ ಎಲ್ಲ ಇರುವ ಮನೆಗಾಡಿ ಬಾಡಿಗೆಗೆ ಸಿಗುತ್ತದೆ. ಅದರಲ್ಲೇ ಮೈಸೂರಿಗೆ ಹೊರಟಿದ್ದೇವೆ. ನನ್ನ ಸೊಂಟ ಕುಲುಕಬಾರದೆಂದು ಮಗ ಹನುಮೇಶ, ಕೆಸರುಗದ್ದೆಯ ಟ್ರ್ಯಾಕ್ಟರಿಗೆ ಮಾಡುವಂತೆ, ನಿನ್ನೆ ಟೈರುಗಳ ಗಾಳಿ ಇಳಿಸಿದ.

ಟೈರಿಗೆ ಎಷ್ಟು ಗಾಳಿ ಇರಬೇಕೆಂದು ಬರೆದು ಗಾಡಿಯ ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಸೊಸೆ ಶಿವಲೀಲಾ ತೋರಿಸಿದಳು. "ಇದು ಗದ್ದಿ ಅಲ್ರಿ, ಡಾಂಬರ್ ರಸ್ತೆ. ಇಷ್ಟು ಭಾರಕ್ಕ ಮೆತ್ತನ್ನ ಟೈರ್ ಕಾದು ಒಡೀತೈತಿ. ಒಳಗ ನಮ್ಮ ಕೂಸು ಮಲಗಿರತೈತಿ."

"ನನಗ ಗಾಡಿ ಕಲಸ್ತೀಯೇನು?" ಎಂದು ಅವನು ನನ್ನ ಮುಖ ನೋಡಿದ.

"ಚೀಟ್ಯಾಗ ಇದ್ದಷ್ಟು ತುಂಬಸು," ಎಂದೆ. ಸೊಸೆ ಬೆರಗಾದಳು.

ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ತುಂಬಿಸಿದ. ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡಿದ್ದೇನೆ. ಗಾಡಿ ಎಷ್ಟು ಕುಲುಕಿದರೂ ಇನ್ನು ನಾನು ಬಾಯಿ ಬಿಡುವಂತಿಲ್ಲ.

ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನಕ್ಕ ಚನ್ನಕ್ಕ