ನಡುತೊಲೆಯ ಮೇಲಿನ ಹೆಸರು

ಲಿನ್‌ಫೆನ್
೧೨ ಸೆಪ್ಟೆಂಬರ್ ೨೦೨೩

ಪ್ರೀತಿಯ ಶುಚೆನ್ ಅಣ್ಣನಿಗೆ,

ದೆಹೌನ ನಮಸ್ಕಾರಗಳು. ಹೊಸವರ್ಷಕ್ಕೆ ನೀನು ಕಳಿಸಿದ ವಿನೆಗರ್ ತಳ ಕಂಡರೂ ಎರಡು ಸಾಲು ಬರೆಯದ ಸೋಮಾರಿ ನಾನು, ಕ್ಷಮಿಸು. ನಿನ್ನ ನೂಡಲ್ ಅಂಗಡಿಯಲ್ಲಿ ಕೂರಲು ಜಾಗವಿರುವುದಿಲ್ಲವಂತೆ. ಕೇಳಿ ಸಂತೋಷವಾಯಿತು.

ಇಲ್ಲಿ ಹಳೆಯ ಅರಮನೆಯ ಮಾದರಿಯಲ್ಲಿ ಒಂದು ಸಿನಿಮಾ ಮಂದಿರ ಕಟ್ಟಿದ್ದೇನೆ. ಮೇಲೆ ಗುರುಗಳು ನಮಗೆ ಕಲಿಸಿದಂತೆಯೇ ಮೊಳೆಯಿಲ್ಲದ ಮರದ ಚಾವಣಿ. ಕೆಳಗೆ ಇನ್ನೂರ ನಲವತ್ತು ಕುರ್ಚಿ, ಸುತ್ತಲೂ ಬಾಗಿದ ಪರದೆ. ಚಿತ್ರ ಶುರುವಾದರೆ ಕುರ್ಚಿಗಳು ಮೇಲೆದ್ದು ಓಲಾಡುತ್ತವೆ. ಹಳದಿ ನದಿಯ ಮೇಲೆ ಹಾರಿದಂತೆಯೇ ಆಗುತ್ತದೆ. ಮೊದಲ ಸಲ ಕೂತು ಇಳಿದವನು ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿಕೊಂಡೆ.

ಚಾವಣಿ ಏರಿಸುವ ಮುಂಚೆ ಒಂದು ಮೂಲೆಯನ್ನಷ್ಟೇ ಜೋಡಿಸಿ, ಕುರ್ಚಿ ಅಲುಗಾಡಿಸಿ ನೋಡಿದರು. ಚಾವಣಿ ಮರದ ಕೀಲುಗಳು ಕಿರುಗುಟ್ಟಿದವು. ಇಂಜಿನಿಯರ್ ಫಾಂಗ್ ಎಂಬ ಹುಡುಗಿ ನಕ್ಕು, "ಮೇಸ್ತ್ರಿಗಳೇ, ಜನ ಮೋಡದಲ್ಲಿ ಹಾರ್ತಿರುವಾಗ ನಿಮ್ ಮರ ಮುದುಕಿ ಮಂಡಿ ಥರ ಸದ್ದು ಮಾಡಿದ್ರೆ ಹೆಂಗೆ? ಸಂದಿಗೆಲ್ಲ ಅಂಟು ಹಾಕ್ಸಿ" ಎಂದಳು.

ಗುರುಗಳ ಮಾತು ನೆನಪಿದೆಯಲ್ಲ? "ಮಾತಾಡೋ ಮರ ನಿಂತಿರುತ್ತೆ ಕಣ್ರೋ, ಬಾಯಿ ಮುಚ್ಕೊಂಡ ಮರಾನೇ ಬೀಳೋದು." ನನಗೂ ನೆನಪಿತ್ತು. ಆದರೂ ಹೂಂ ಎಂದು ಕೀಲಿಗೆಲ್ಲ ಅಂಟು ಹಾಕಿಸಿದೆ. ಈ ವಯಸ್ಸಿನಲ್ಲಿ ಇಂಥ ಕೆಲಸ ಮತ್ತೆ ಸಿಕ್ಕೀತೇ ಎಂಬ ಆಸೆ. ಆಮೇಲೆ ಪದ್ಧತಿಯಂತೆ ನಡುತೊಲೆಗೆ ಕೆಂಪು ಬಟ್ಟೆ ಕಟ್ಟಿ, ಅದರ ಬೆನ್ನಿಗೆ ಮೇಸ್ತ್ರಿಯ ಹೆಸರನ್ನು ಮಸಿಯಲ್ಲಿ ಬರೆದು ಏರಿಸಿದೆವು. ಕಟ್ಟಡ ಬಿದ್ದ ದಿನ ಜನ ಮೊದಲು ಓದುವುದು ಆ ಹೆಸರನ್ನೇ.

ಈಗ ಚಾವಣಿ ಮೂಕವಾಗಿದೆ. ನಿನ್ನೆ ಈಶಾನ್ಯ ಮೂಲೆಯ ಕೀಲೊಂದರಲ್ಲಿ ಬಿರುಕು ಕಂಡೆ. ಬಣ್ಣ ಒಡೆದಿದೆ ಅಷ್ಟೇ ಎನ್ನುತ್ತಾಳೆ ಫಾಂಗ್. ಉಗುರು ತೂರಿಸಿದೆ, ಒಳಗೆ ಹೋಯಿತು. ಶನಿವಾರ ಮೊದಲ ಪ್ರದರ್ಶನ, ಕೆಲಸಗಾರರ ಮನೆಯವರಿಗೆ. ನನ್ನವಳು ಹೊಸ ಅಂಗಿ ಹೊಲಿಸಿಕೊಂಡು, ನಡುಸಾಲೇ ಬೇಕೆಂದು ಹಟ ಹಿಡಿದಿದ್ದಾಳೆ.

ಒಮ್ಮೆ ಬಾ ಅಣ್ಣ. ಕಂಬಕ್ಕೆ ಕಿವಿಯಿಟ್ಟು ಮರದ ನೋವು ಹೇಳುತ್ತಿದ್ದವನು ನಮ್ಮಲ್ಲಿ ನೀನೊಬ್ಬನೇ. ನೋಡಿ, ಪ್ರದರ್ಶನ ಬೇಡವೆಂದು ನೀನು ಹೇಳಿದರೆ ಬಾಗಿಲಿಗೆ ಬೀಗ ಹಾಕಿಸುತ್ತೇನೆ.

ಅತ್ತಿಗೆಗೆ ನಮಸ್ಕಾರ, ಮೊಮ್ಮಗಳಿಗೆ ಆಶೀರ್ವಾದ. ನಿಮ್ಮ ಮನೆಯ ಒಲೆ ತಣ್ಣಗಾಗದಿರಲಿ.

ನಿನ್ನ ತಮ್ಮ,
ಲುವಾನ್ ದೆಹೌ

ಮರೆತಿದ್ದೆ: ಅಂದು ಗುರುಗಳ ಕೈಕೆಳಗೆ ನಾವು ಕಟ್ಟುತ್ತಿದ್ದ ಗಂಟೆಗೋಪುರದ ಕೀಲು ತಪ್ಪಾಗಿ ಕೊರೆದವನು ನಾನು. ತಪ್ಪು ನಿನ್ನದೆಂದು ಗುರುಗಳು ನಿನ್ನನ್ನು ಹೊರಹಾಕಿದಾಗ ನೀನು ನನ್ನ ಮುಖ ನೋಡಿದೆ, ನನ್ನ ಹೆಸರು ಹೇಳಲಿಲ್ಲ. ಈ ನಡುತೊಲೆಯ ಮೇಲೂ ನಾನು ಬರೆದದ್ದು ನಿನ್ನ ಹೆಸರನ್ನೇ. ಬರೆಯುವಾಗ ಅದು ಗೌರವ ಎಂದುಕೊಂಡಿದ್ದೆ. ಅದನ್ನು ಹೆರೆದು ನನ್ನ ಹೆಸರು ಬರೆಯಲು ಬೆಳಿಗ್ಗೆಯೇ ಏಣಿ ತರಿಸಿದ್ದೇನೆ. ಇನ್ನೂ ಹತ್ತಿಲ್ಲ.