ಬಾತುಮರಿಯ ಹಾಡಿಗೆ ಮುಂಚೆ ಮಂಗಳ

ಜಯನಗರ, ಬೆಂಗಳೂರು
೨೦-೧೧-೧೯೬೧

ಪ್ರೀತಿಯ ಪಂಕಜಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಮುನಿಸಿಕೊಂಡಿರುತ್ತೀಯ, ಬಲ್ಲೆ. ಬೈದುಬಿಡು, ಆದರೆ ಓದು. ಪೆನ್ನು ಹಿಡಿಯುವ ಚೈತನ್ಯವೂ ಇರಲಿಲ್ಲ ಕಣೇ. ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಸಂತೋಷವಾಯಿತು.

ನಮ್ಮ ಬಡಾವಣೆಯ ಸಂಘದವರು ಮಕ್ಕಳ ದಿನಾಚರಣೆಗೆ ವಾದ್ಯಗೋಷ್ಠಿ ಇಟ್ಟಿದ್ದರು. ದಂಡಿನ ಕಡೆ, ಅದೇ ಕಂಟೋನ್ಮೆಂಟಿನ ಥಿಯೇಟರಿಗೆ ಬರುವ ಇಂಗ್ಲಿಷ್ ಕಾರ್ಟೂನ್ ಸಿನಿಮಾಗಳ ಹಾಡೇ ಈಗ ಇಲ್ಲಿನ ಮಕ್ಕಳ ಬಾಯಲ್ಲೆಲ್ಲ. ಅವನ್ನು ನಮ್ಮ ವಾದ್ಯಗಳಿಗೆ ಹೊಂದಿಸಿಕೊಡಿ ಎಂದು ಕಾರ್ಯದರ್ಶಿ ಏಕಾಂತಯ್ಯನವರು ನನ್ನನ್ನು ಕೇಳಿದರು. ಗ್ರಾಮಫೋನ್ ಪ್ಲೇಟು ಹಾಕಿ ಹಾಕಿ ಕೇಳಿ, ಸ್ವರ ಬರೆದು, ಪಿಟೀಲು, ಕ್ಲಾರಿನೆಟ್, ಜಲತರಂಗ, ಮೃದಂಗಕ್ಕೆ ಹಂಚಿದೆ. ಅಡುಗೆ, ಅತ್ತೆಯ ಕಷಾಯ, ಬಟ್ಟೆ ಒಗೆಯುವುದು, ಎಲ್ಲದರ ನಡುವೆ. ಕ್ಲಾರಿನೆಟ್ಟಿನ ಕೊಟ್ರಪ್ಪ ಹರಿಕಥೆಗಳಿಗೆ ನುಡಿಸಿ ಬೆಳೆದವನು. ಇಲಿ ಕುಣಿಯುವ ಹಾಡಿಗೂ ರಾಶಿ ಗಮಕ ಸುರಿಯುತ್ತಿದ್ದ.

"ಕೊಟ್ರಪ್ಪನವರೇ, ಇಲಿ ಕುಣೀತಿದೆ, ಶ್ರಾದ್ಧಕ್ಕೆ ಕೂತಿಲ್ಲ" ಎಂದೆ.

"ಏನ್ಮಾಡ್ಲಿ ಅಮ್ಮಾ, ಬೆರಳು ತಾವೇ ಅಲ್ಲಾಡ್ತವೆ" ಎಂದು ನಕ್ಕ.

ಕೊನೆಯದು ದಾರಿ ತಪ್ಪಿದ ಬಾತುಮರಿಯ ಹಾಡು, ಪೂರ್ತಿ ನನ್ನ ಪಿಟೀಲಿನದು. ಮದುವೆಯಾದ ಮೇಲೆ ನನಗೆ ಅದೇ ಮೊದಲ ವೇದಿಕೆ. "ಇದೊಂದ್ಸಲ ನುಡಿಸು. ಜನ ಮೆಚ್ಚಿದ್ರೆ ಮುಂದೂ ನುಡಿಸ್ಕೋ, ಇಲ್ದಿದ್ರೆ ಪಿಟೀಲಿನ ಪೆಟ್ಟಿಗೇನ ಅಟ್ಟಕ್ಕೆ ಹಾಕಿಬಿಡು" ಎಂದು ಇವರು ಹೇಳಿದ್ದರು. ಆ ಒಂದು ಹಾಡಿನ ಮೇಲೆ ನನ್ನ ಜೀವವನ್ನೇ ಇಟ್ಟುಕೊಂಡಿದ್ದೆ.

ಇಲಿಯ ಹಾಡು ಮುಗಿಯಿತು, ಚಪ್ಪಾಳೆಯೋ ಚಪ್ಪಾಳೆ. ನಾನು ಪಿಟೀಲು ಎತ್ತಿಕೊಳ್ಳುವಷ್ಟರಲ್ಲಿ ಕೊಟ್ರಪ್ಪ ಮಂಗಳ ಶುರುಮಾಡಿಬಿಟ್ಟ! ಮಂಗಳ ಕೇಳಿದ ಮೇಲೆ ನಮ್ಮ ಜನ ಕೂರುತ್ತಾರೆಯೇ? ಎದ್ದರು, ಕೈಮುಗಿದರು, ಚಪ್ಪಲಿ ಹುಡುಕಿದರು. ಮಂಗಳವಾದ ಮೇಲೆ ಮತ್ತೆ ನುಡಿಸಬಾರದಮ್ಮ ಎಂದು ಏಕಾಂತಯ್ಯನವರೂ ಕೈಚೆಲ್ಲಿದರು. ಖಾಲಿ ಜಮಖಾನದ ಮುಂದೆ ಕಮಾನು ಹಿಡಿದು ಕೂತಿದ್ದೆ. ಅಳುವುದಕ್ಕೂ ಸುಸ್ತು.

"ಜನ ಕೇಳ್ಲೇ ಇಲ್ವಲ್ಲ, ಇನ್ನು ಮೆಚ್ಚೋದೆಲ್ಲಿ ಬಂತು" ಎಂದರು ಅತ್ತೆ. ಪೆಟ್ಟಿಗೆ ಅಟ್ಟ ಸೇರಿತು.

ಇರಲಿ ಬಿಡು. ಮಗುವಿಗೆ ದೃಷ್ಟಿ ತೆಗೆ, ನನ್ನ ಪರವಾಗಿ ಒಂದು ಮುತ್ತು ಕೊಡು. ನೀನು ಹಾಡುವುದನ್ನು ಮಾತ್ರ ನಿಲ್ಲಿಸಬೇಡ. ದೇವರು ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ನಿನ್ನ
ಸರಸ್ವತಿ

ತಾ. ಕ.: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಇವತ್ತು ಬೆಳಿಗ್ಗೆ ಕೊಟ್ರಪ್ಪ ಬಂದಿದ್ದ. "ಈಗ ಮೈ ಹುಷಾರಾಯ್ತಾ ಅಮ್ಮಾ?" ಎಂದು ಕೇಳಿದ. ನನಗೇನಾಗಿತ್ತು ಎಂದೆ. "ಯಜಮಾನ್ರು ಪರದೆ ಹಿಂದಿಂದ ನನ್ನ ಕಿವೀಲಿ, ಅವಳಿಗೆ ಮೈ ಸರಿಯಿಲ್ಲ, ಮಂಗಳ ನುಡಿಸಿಬಿಡಿ ಅಂದ್ರಲ್ಲ!" ಎಂದ. ಆವತ್ತು ಮನೆಯವರೆಗೂ ಕೊಟ್ರಪ್ಪನನ್ನು ಬೈಯುತ್ತಾ, ನನ್ನ ಪಿಟೀಲು ಹೊತ್ತುಕೊಂಡು ಬಂದವರು ಇವರೇ ಕಣೇ.