ಬೀಬೀಜಿಯ ಗುಳಿಗೆ

ವುಲ್ವರ್‌ಹ್ಯಾಂಪ್ಟನ್
ನವೆಂಬರ್ 11, 2018

ಪ್ರೀತಿಯ ದವಿಂದರ್ ಅಕ್ಕನಿಗೆ,

ಗುರು ಫತೇಹ್. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ. ಬೈಯುವುದಾದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ನೀನು "ಯಾಕೇ, ದನಿ ಹಂಗಿದೆ?" ಎಂದು ಕೇಳಿದಾಗಲೆಲ್ಲ ನೆಗಡಿ ಎಂದೆ. ಈ ಮನೆಯ ಗೋಡೆಗಳು ತೆಳು, ಇಲ್ಲಿ ಫೋನಿನಲ್ಲಿ ಹೇಳಿದ್ದು ಎಲ್ಲರಿಗೂ ಹೇಳಿದಂತೆ.

ನೀನು ಕಳಿಸಿದ ಪಿನ್ನಿ ಉಂಡೆ ತಲುಪಿತು. ನಮ್ಮತ್ತೆ ಬೀಬೀಜಿ ಒಂದನ್ನು ಮುರಿದು ಮೂಸಿ, "ತುಪ್ಪ ಅಂದ್ರೆ ಪಟಿಯಾಲದ್ದು. ಇಲ್ಲೀದು ಬರೀ ಮೇಣ" ಎಂದರು. ಡಬ್ಬಿಯನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿಡು ಎಂದು ಕಣ್ಣಲ್ಲೇ ಹೇಳಿದರು. ನಾನು ಹಿಟ್ಟು ಕಲಸಿದ ರೊಟ್ಟಿಯನ್ನು ಅವರು ಮುಟ್ಟಿ ಮೂರು ತಿಂಗಳಾಯಿತು.

ಮಾರ್ಚಿನಲ್ಲಿ ಬೀಬೀಜಿ ಹಿತ್ತಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ನಿನಗೆ ಗೊತ್ತು. ಮೂಳೆ ಟೊಳ್ಳಾಗಿದೆ, ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಅಗಿಯುವ ಮಾತ್ರೆ ಕೊಟ್ಟರೆ ಅತ್ತೆ "ಸುಣ್ಣ!" ಎಂದು ಉಗಿದರು. ಕೊನೆಗೆ ಕುಲ್ಬೀರ್ ತಾಯಿಗೆಂದು ಎಲ್ಲಿಂದಲೋ ನುಣ್ಣನೆಯ ಗುಳಿಗೆಗಳ ಡಬ್ಬಿಯೊಂದನ್ನು ತಂದರು.

"ಒಳಗೇನಿದೆ ಅಂತ ನೋಡಿದ್ದೀರಾ?" ಎಂದೆ.

"ನೋಡ್ದೆ, ಎಲ್ಲ ಸರಿ ಇದೆ. ನಿನ್ನ ಪೊಲೀಸ್ ಕೆಲಸ ಮನೆಯಲ್ಲೂ ಶುರು ಮಾಡ್ಬೇಡ" ಎಂದು ನಕ್ಕರು.

ಪೊಲೀಸ್ ಎನ್ನುವುದು ಗುರುದ್ವಾರದಲ್ಲಿ ನನಗೆ ಬಿದ್ದ ಹೆಸರು. ಹೋದ ವರ್ಷ ಅಲ್ಲಿನ ಲಂಗರಿನ ಊಟದಲ್ಲಿ ಮಕ್ಕಳಿಗೆಂದು ಮಾಡುತ್ತಿದ್ದ ಪಿಜ್ಜಾದ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಲ್ಲಿ ಮಾಡಿರುತ್ತಾರೆಂದು ತಿಳಿದು, ಅದನ್ನು ನಿಲ್ಲಿಸಿದವಳು ನಾನು. ಮೊಸರಿಗೆ ಹಾಕುವ ಮೂಳೆಯ ಅಂಟು, ಗುಲಾಬಿ ಕೇಕಿಗೆ ಹಾಕುವ ಹುಳುವಿನ ಬಣ್ಣ, ಇವನ್ನೆಲ್ಲ ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದೆ. ಹಾಗಿದ್ದವಳು ಈ ಒಂದು ಡಬ್ಬಿಯನ್ನು ಮಾತ್ರ ಯಾಕೆ ತಿರುಗಿಸಿ ನೋಡಲಿಲ್ಲ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಂಡ ನೋಡಿದೆನೆಂದ ಮೇಲೂ ನೋಡುವುದು ಅವರಿಗೆ ಅವಮಾನ ಎನ್ನಿಸಿತೇನೋ. ಅಥವಾ ಒಮ್ಮೆಯಾದರೂ ಬೇರೆಯವರು ಆ ಕೆಲಸ ಮಾಡಿದರಲ್ಲ ಎಂಬ ಸಮಾಧಾನವೇನೋ. ದಿನವೂ ಬೆಳಿಗ್ಗೆ ಹಾಲಿನ ಜೊತೆ ನಾನೇ ಕೊಡುತ್ತಿದ್ದೆ.

ಆಗಸ್ಟಿನಲ್ಲಿ ಪಕ್ಕದ ಮನೆಯ ಜರೀನಾ ಪುದೀನ ಕೊಡಲು ಬಂದಳು. ಮೀರ್‌ಪುರದವಳು, ಬೀಬೀಜಿಯನ್ನು ಚಾಚೀ ಎನ್ನುತ್ತಾಳೆ. ಮೇಜಿನ ಮೇಲಿನ ಡಬ್ಬಿ ಕಂಡು ಅವಳಿಗೆ ಎಷ್ಟು ಖುಷಿಯಾಯಿತು ಗೊತ್ತಾ ಅಕ್ಕ?

"ಅಯ್ಯೋ ಚಾಚೀ, ನೀವೂ ಇದನ್ನೇ ತಗೊಳ್ತೀರಾ? ನಮ್ಮಮ್ಮನಿಗೆ ಈ ಹಲಾಲ್ ಗುಳಿಗೆ ಹುಡುಕಿ ಹುಡುಕಿ ಸಾಕಾಗಿತ್ತು. ಹೆದರಬೇಡಿ, ಹೊರಗಿನ ಅಂಟು ದನದ್ದೇ, ಹಂದೀದಲ್ಲ!"

ಪಾಪ, ಅವಳ ಲೆಕ್ಕದಲ್ಲಿ ಅದಕ್ಕಿಂತ ಶುದ್ಧವಾದದ್ದಿಲ್ಲ. ಅಮೃತ ಸ್ವೀಕರಿಸಿ ದೀಕ್ಷೆ ಪಡೆದ ದಿನ ನಮಗೆ ಬೆರಳು ಮಡಿಸಿ ಹೇಳಿದ ನಾಲ್ಕು ದೊಡ್ಡ ತಪ್ಪುಗಳಲ್ಲಿ ಒಂದು, ಹಾಗೆ ಹಲಾಲ್ ಮಾಡಿ ಕೊಯ್ದ ಪ್ರಾಣಿಯ ಮಾಂಸವೇ ಎಂದು ಅವಳಿಗೆ ಹೇಗೆ ಗೊತ್ತಿರಬೇಕು? ಬೀಬೀಜಿ ಹಾಲಿನ ಲೋಟ ಕೆಳಗಿಟ್ಟರು. ಜರೀನಾ ಹೋಗುವವರೆಗೂ ನಗುತ್ತಲೇ ಇದ್ದರು. ಬಾಗಿಲು ಹಾಕಿದ ಮೇಲೆ ನನ್ನ ಕಡೆ ತಿರುಗಿ, "ಮೊಟ್ಟೆ ಹಾಕಿದ ಕೇಕು ಮುಟ್ಟಿದೋಳಲ್ಲ ನಾನು. ಹಾಲಿನ ಜೊತೆ ನುಂಗಿಸಿಬಿಟ್ಯಲ್ಲೇ" ಎಂದರು. ಕುಲ್ಬೀರ್ ಕೆಲಸದಿಂದ ಬಂದಾಗ ಹೇಳಿದೆ. ಅವರು ಬೂಟು ಬಿಚ್ಚುತ್ತಾ, "ಅಕ್ಷರ ಸಣ್ಣದಿತ್ತು, ನನಗೆ ಕಾಣಿಸಿರಲಿಕ್ಕಿಲ್ಲ" ಎಂದರು.

ಆ ಭಾನುವಾರ ಬೀಬೀಜಿ ತಪ್ಪೊಪ್ಪಿಕೊಳ್ಳಲು ಗುರುದ್ವಾರದ ಐವರು ಹಿರಿಯರ, ಪಂಜ್ ಪ್ಯಾರೇ, ಮುಂದೆ ಹೋಗಿ ನಿಂತರು. ಅವರ ಕೈಗೆ ಆಸರೆಯಾಗಿ ನಾವಿಬ್ಬರೂ ಒಳಗೆ ಹೋಗಿದ್ದೆವು. ಐವರಲ್ಲಿ ಹಿರಿಯರು ಬಹಳ ಮೃದುವಾಗಿ, "ಗೊತ್ತಿಲ್ದೆ ಆಗಿದ್ದಮ್ಮ. ತಂದು ಕೊಟ್ಟೋರು ಯಾರು?" ಎಂದು ಕೇಳಿದರು.

"ಸೊಸೆ" ಎಂದರು ಬೀಬೀಜಿ.

ಕೊಟ್ಟದ್ದು ನಾನೇ, ಅದು ಸುಳ್ಳಲ್ಲ. ಆದರೂ ಕುಲ್ಬೀರ್ ಕಡೆ ನೋಡಿದೆ. ತಂದವನು ನಾನು, ನಾನು ಸರಿಯಾಗಿ ನೋಡಲಿಲ್ಲ ಎಂಬ ಒಂದು ಮಾತು ಬರಬಹುದೆಂದು ಕಾದೆ. ಅವರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಪ್ರಾರ್ಥನೆ ಮಾಡುವವರನ್ನು ಅಡ್ಡಿಪಡಿಸಲು ಆಗುತ್ತದೆಯೇ? ನಾನೂ ಕೈಮುಗಿದೆ.

ಬೀಬೀಜಿಗೆ ದಿನವೂ ಇನ್ನೊಂದು ಪ್ರಾರ್ಥನೆಯ ಪಾಠ ಓದಲು ಹೇಳಿದರು. ನನಗೆ ಒಂದು ತಿಂಗಳು ಜೋಡಾ ಘರ್‌ನಲ್ಲಿ ಬಂದವರ ಚಪ್ಪಲಿ ಒರೆಸುವ ಸೇವೆ, ಅಲ್ಲಿಯವರೆಗೆ ಕಡಾ ಪ್ರಸಾದದ ಹಲ್ವ ಮಾಡಲು ಕೈ ಹಾಕುವಂತಿಲ್ಲ. ಒರೆಸಿದೆ. ನಿಜ ಹೇಳಲಾ? ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ತಿಂಗಳು ಮುಗಿದ ಮೇಲೆ. ನಿನಗೆ ಗೊತ್ತಲ್ಲ, ಭಾನುವಾರ ಬೆಳಿಗ್ಗೆ ಆ ದೊಡ್ಡ ಬಾಣಲೆಯ ಮುಂದೆ ನಿಂತು, ಹಿಟ್ಟು ತುಪ್ಪದಲ್ಲಿ ಕೆಂಪಗಾಗುವವರೆಗೆ ಜಪ ಹೇಳುತ್ತಾ ಮಗುಚುವುದು, ಇಡೀ ವಾರದಲ್ಲಿ ನನ್ನದೆನ್ನುವ ಹೊತ್ತು ಅದೊಂದೇ. ಕೈ ತೊಳೆದು, ತಲೆವಸ್ತ್ರ ಬಿಗಿದು ಒಳಗೆ ಹೋದರೆ ಅಡುಗೆಮನೆ ನೋಡಿಕೊಳ್ಳುವ ರಛ್‌ಪಾಲ್ ಭೈಣ್‌ಜೀ ಅಡ್ಡ ನಿಂತರು.

"ಬಾ ಪೊಲೀಸಮ್ಮ! ನೀನು ಡಬ್ಬಿ ಓದ್ಕೊಂಡು ಕೂತ್ಕೋ, ಹಿಟ್ಟು ನಾವು ಹುರೀತೀವಿ."

"ಅವತ್ತು ನಮ್ ಹುಡುಗರ ಪಿಜ್ಜಾ ಕಿತ್ಕೊಂಡ್ಲು," ಎಂದಳು ಬೇಳೆ ಆರಿಸುತ್ತಿದ್ದವಳು, "ಮನೇಲಿ ಅತ್ತೆಗೆ ದನಾನೇ ತಿನ್ನಿಸಿದ್ಲು!"

ಎಲ್ಲರೂ ನಕ್ಕರು. ಐವರು ಕ್ಷಮಿಸಿದ್ದಾರೆ ಎಂದೆ. "ಅವರು ದೊಡ್ಡೋರು, ಕ್ಷಮಿಸ್ತಾರೆ. ಪ್ರಸಾದ ತಿನ್ನೋರು ನಾವಲ್ವಾ?" ಎಂದು ಭೈಣ್‌ಜೀ ನನ್ನ ಕೈಗೆ ಈರುಳ್ಳಿ ಚೀಲ ಕೊಟ್ಟರು. ಈಗ ಪ್ರತಿ ಭಾನುವಾರ ಹೊರಗಿನ ಶೆಡ್ಡಿನಲ್ಲಿ ಈರುಳ್ಳಿ ಸುಲಿಯುತ್ತೇನೆ. ಅಳುವುದಕ್ಕೆ ಒಳ್ಳೆಯ ಜಾಗ, ಯಾರೂ ಕಾರಣ ಕೇಳುವುದಿಲ್ಲ. ಪಿಜ್ಜಾದ ವಿಷಯದಲ್ಲಿ ನಾನು ಹೆಚ್ಚು ಬಿಗಿಯಾಗಿದ್ದೆನೇ ಎಂದೂ ಅಲ್ಲಿ ಕೂತು ಯೋಚಿಸುತ್ತೇನೆ. ಇರಬಹುದು. ಚೀಸ್ ಸರಿಯಿತ್ತೆಂದು ಮಾತ್ರ ಈಗಲೂ ಹೇಳಲಾರೆ.

ಭಾವನವರ ಮಂಡಿನೋವು ಹೇಗಿದೆ? ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ಓದಲಿ, ಓದಿದ್ದನ್ನು ನಂಬುವ ಮನೆ ಅವರಿಗೆ ಸಿಗಲಿ. ವಾಹೆಗುರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ತ್ರಿಪತ್

ಮರೆತು ಉಳಿಸಿದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಬೀಬೀಜಿಯ ತಲೆ ಬಾಚುತ್ತಿದ್ದೆ. ಅವರ ಕೈ ಇನ್ನೂ ಮೇಲೇಳುವುದಿಲ್ಲ, ಜಡೆ ನಾನೇ ಹಾಕಬೇಕು. ಇದ್ದಕ್ಕಿದ್ದಂತೆ ಹೇಳಿದರು: "ಕುಲ್ಬೀರ್‌ಗೆ ಗೊತ್ತಿತ್ತು. ಓದಿಯೇ ತಂದಿದ್ದ. ನಾನು ಬೇರೆ ಮಾತ್ರೆ ಉಗೀತಿದ್ನಲ್ಲ, ಬಿದ್ದು ಸತ್ತೋಗ್ತೀನಿ ಅಂತ ಭಯ ಅವನಿಗೆ. ಹಂದೀದಲ್ವಲ್ಲ, ಇದಾದ್ರೆ ವಾಸಿ ಅಂದ್ಕೊಂಡ, ದಡ್ಡ. ಜರೀನಾ ಬಂದ ರಾತ್ರೀನೇ ನನ್ನ ಕಾಲು ಹಿಡ್ಕೊಂಡು ಅತ್ತ."

ಅಂದರೆ ಐವರ ಮುಂದೆ ಹೋಗುವ ಮೊದಲೇ ಬೀಬೀಜಿಗೆ ಗೊತ್ತಿತ್ತು. ಅಮ್ಮನಿಗೆ ಹೇಳಿದ ಗಂಡ ನನಗೆ ಇವತ್ತಿಗೂ ಹೇಳಿಲ್ಲ.

"ಮತ್ತೆ ನನ್ನ ಹೆಸರು ಯಾಕೆ ಹೇಳಿದ್ರಿ?" ಎಂದೆ.

"ಅವನು ನನ್ನ ಹೊಟ್ಟೇಲಿ ಹುಟ್ಟಿದೋನು. ಜನರ ಮುಂದೆ ಅವನ ತಲೆ ತಗ್ಗಿಸಿ ನಾನು ಹೆಂಗೆ ಬದುಕ್ಲಿ? ನೀನು ಹೊರಗಿಂದ ಬಂದೋಳು, ತಡ್ಕೋತೀಯ."

"ನನ್ನ ಕೈಯ ರೊಟ್ಟಿ ಬಿಟ್ಟಿದ್ದು?"

"ಹೇಳಿದ ಮೇಲೆ ಹಂಗೇ ನಡ್ಕೋಬೇಕಲ್ಲ, ಪುತ್ತರ್."

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಮಗು ಎಂದು ಕರೆದದ್ದು ಅದೇ ಮೊದಲು. ನಾನು ಜಡೆ ಹೆಣೆದು ಮುಗಿಸಿದೆ. "ಬಿಗಿಯಾಯ್ತು ಕಣೇ" ಎಂದರು. ಸಡಿಲಿಸಲಿಲ್ಲ.